ವಿದ್ಯುತ್ ಕಾರಿನ ಬ್ಯಾಟರಿ ನಿಜವಾಗಿ ಸವೆದಿದೆಯೇ?

ಪಾಣತ್ತೂರು ದಾರಿಯಾಗಿ ಘಟ್ಟ ಹತ್ತಿ ಬಂದ ಮರುದಿನ ನಮ್ಮ ಕಾರು ಪೂರ್ತಿ ಚಾರ್ಜಾದ ಮೇಲೂ ಎಂದಿಗಿಂತ ಕಡಿಮೆ ಕಿಲೋಮೀಟರ್ ತೋರಿಸಿತು. ಅದು ಸವೆತವಲ್ಲ, ಹಿಂದಿನ ಓಡಾಟವನ್ನು ನೋಡಿ ಕಾರು ಮಾಡಿಕೊಂಡ ಅಂದಾಜು ಅಷ್ಟೇ.

ನಿಜವಾದ ಸವೆತವನ್ನು ಹೆಚ್ಚಿಸುವುದು ಸೆಕೆ, ಮತ್ತು ತುಂಬಿದ ಚಾರ್ಜಿನಲ್ಲೇ ದಿನಗಟ್ಟಲೆ ನಿಲ್ಲಿಸುವ ಅಭ್ಯಾಸ. ಆದ್ದರಿಂದ ಏಪ್ರಿಲ್, ಮೇ ತಿಂಗಳುಗಳಲ್ಲಿ ಕಾರನ್ನು ಬಿಸಿಲಂಗಳದಲ್ಲಿ ಬಿಡದೆ ಅಡಿಕೆ ಸೋಗೆಯ ಚಪ್ಪರದಡಿಯಲ್ಲಾದರೂ ನಿಲ್ಲಿಸಿರಿ. ನಿಕಲ್ ಆಧಾರಿತ ಬ್ಯಾಟರಿಯಾದರೆ ದಿನಬಳಕೆಗೆ ಶೇ. 80ರಷ್ಟು ಚಾರ್ಜು ಸಾಕು. ಎಲ್‌ಎಫ್‌ಪಿ (ನಿಕಲ್ ಇಲ್ಲದ, ಲಿಥಿಯಂ ಐರನ್ ಫಾಸ್ಫೇಟಿನ) ಬ್ಯಾಟರಿಯನ್ನು ಮಾತ್ರ ಕೈಪಿಡಿಯಲ್ಲಿ ಹೇಳಿದಂತೆ ಆಗಾಗ ಪೂರ್ತಿ ತುಂಬಿಸಬೇಕು, ಇಲ್ಲವಾದರೆ ಕಾರು ತೋರಿಸುವ ಚಾರ್ಜಿನ ಶೇಕಡಾವಾರು ಲೆಕ್ಕವೇ ತಪ್ಪುತ್ತದೆ.

ಅನೇಕ ಕಾರುಗಳ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಇರುವುದರಿಂದ, ಸಂಶಯವಿದ್ದವರು ಅವಧಿ ಮುಗಿಯುವ ಮೊದಲೇ ಸರ್ವಿಸಿನಲ್ಲಿ ಬ್ಯಾಟರಿಯ ಸಾಮರ್ಥ್ಯವನ್ನು ಅಳೆಸಿ, ವರದಿಯನ್ನು ಬಾಯಿಮಾತಿನಲ್ಲಲ್ಲ, ಲಿಖಿತವಾಗಿಯೇ ಪಡೆಯಿರಿ.