ಹಳೇ ಪಿಕಪ್‌ಗೆ ದುಡ್ಡು ಹಾಕುವ ಮುಂಚೆ ಈ ಲೆಕ್ಕ ಮಾಡಿ

ಟೊಮೆಟೊ ಸೀಸನ್ ಹತ್ತಿರ ಬಂತೆಂದರೆ ಕೋಲಾರದ ಗ್ಯಾರೇಜುಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳುತ್ತದೆ: ‘ಗಾಡಿ ಮಾರಿದ್ರೆ ಎರಡು ಲಕ್ಷ ಬರಲ್ಲ, ಅದಕ್ಕೆ ಒಂದು ಲಕ್ಷದ ಕೆಲಸ ಮಾಡಿಸೋದಾ?’ ಕೇಳೋಕೆ ಸರಿ ಅನಿಸುತ್ತದೆ, ಅಲ್ವಾ? ಆದರೆ ರಿಪೇರಿ ಖರ್ಚನ್ನು ಗಾಡಿಯ ಮಾರಾಟದ ಬೆಲೆ ಜೊತೆ ಹೋಲಿಸಿ ಪ್ರಯೋಜನವಿಲ್ಲ. ಈ ಗಾಡಿ ಬಿಟ್ಟು ಹೊಸದು ತಂದರೆ ತಿಂಗಳಿಗೆ ಎಷ್ಟು ಕಟ್ಟಬೇಕು ಅನ್ನುವುದರ ಜೊತೆ ಹೋಲಿಸಬೇಕು.

ಮೊದಲು ಚಾಸಿಸ್ ಕೆಳಗೆ ತೂರಿ

ಇಂಜಿನ್ ಬಿಚ್ಚಿ ಸರಿ ಮಾಡಬಹುದು. ಗೇರ್‌ಬಾಕ್ಸ್ ಸೆಕೆಂಡ್ ಹ್ಯಾಂಡ್ ಸಿಗುತ್ತದೆ. ಚಾಸಿಸ್, ಅಂದರೆ ಗಾಡಿಯನ್ನೆಲ್ಲ ಹೊರುವ ಅಡಿಯ ಕಬ್ಬಿಣದ ಚೌಕಟ್ಟು, ಹೋದರೆ ಮಾತ್ರ ಗಾಡಿ ಹೋದ ಹಾಗೆ. ಟೊಮೆಟೊ ಹೊರುವ ಗಾಡಿಗಳಿಗೆ ಇದರ ಕಾಟ ಜಾಸ್ತಿ. ಅಡಿಯ ಬಾಕ್ಸ್‌ಗಳಲ್ಲಿ ಒಡೆದ ಹಣ್ಣಿನ ಹುಳಿ ರಸ ಬಾಡಿಯ ಸಂದಿಗಳಿಂದ ಇಳಿದು, ಬಾಡಿ ಚಾಸಿಸ್ ಮೇಲೆ ಕೂರುವ ಜಾಗದಲ್ಲಿ ನಿಲ್ಲುತ್ತದೆ. ಅದರ ಮೇಲೆ ಮಣ್ಣು ಕಚ್ಚಿಕೊಳ್ಳುತ್ತದೆ. ತುಕ್ಕು ಅಲ್ಲೇ ಶುರು.

ವಾಟರ್ ಸರ್ವಿಸ್ ಮಾಡಿಸಿ, ಒಣಗಿದ ಮೇಲೆ ಸಣ್ಣ ಸುತ್ತಿಗೆ, ಟಾರ್ಚ್ ಹಿಡಿದು ಕೆಳಗೆ ಹೋಗಿ. ಹಿಂದಿನ ಸ್ಪ್ರಿಂಗ್ ಪ್ಲೇಟ್‌ಗಳ ಬ್ರಾಕೆಟ್ ಸುತ್ತ, ಅಡ್ಡಪಟ್ಟಿ ಸೇರುವ ಮೂಲೆಗಳಲ್ಲಿ ಮೆಲ್ಲಗೆ ತಟ್ಟುತ್ತಾ ಬನ್ನಿ. ಟಣ್ ಅಂದರೆ ಪರವಾಗಿಲ್ಲ. ಡಬ್ ಅಂತ ಮಂದವಾಗಿ ಕೇಳಿ ತುಕ್ಕು ಪದರ ಪದರವಾಗಿ ಉದುರಿದರೆ, ಇಲ್ಲವೇ ಹಳೇ ವೆಲ್ಡಿಂಗ್ ಪಕ್ಕದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೆ, ಇಂಜಿನ್‌ಗೆ ಒಂದು ರೂಪಾಯಿಯೂ ಹಾಕಬೇಡಿ.

ಆಮೇಲೆ ಇಂಜಿನ್. ಬಿಸಿಯಾಗುವವರೆಗೆ ಓಡಿಸಿ, ಸ್ಟಾರ್ಟಿನಲ್ಲೇ ಇಟ್ಟು ಆಯಿಲ್ ತುಂಬುವ ಮುಚ್ಚಳ ಸಡಿಲಿಸಿ. ಹೊಗೆ ಬುಸುಬುಸು ಒತ್ತಿಕೊಂಡು ಬಂದರೆ ಇಂಜಿನ್ ಒಳಗಿನ ಪಿಸ್ಟನ್ ರಿಂಗ್, ಅದು ಓಡಾಡುವ ಬೋರ್ ಸವೆದಿವೆ ಎಂದರ್ಥ. ಸೈಲೆನ್ಸರ್‌ನಿಂದ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಕಪ್ಪು ಹೊಗೆಗೆ ಅಷ್ಟು ಹೆದರಬೇಕಿಲ್ಲ, ಹೆಚ್ಚಾಗಿ ಏರ್ ಫಿಲ್ಟರ್ ಅಥವಾ ಇಂಜೆಕ್ಟರ್ ತೊಂದರೆ ಇರುತ್ತದೆ. ಅಷ್ಟಕ್ಕೇ ಇಂಜಿನ್ ಇಳಿಸೋಣ ಅನ್ನುವ ಮೆಕ್ಯಾನಿಕ್ ಸಿಕ್ಕರೆ ಇನ್ನೊಬ್ಬರನ್ನೂ ಕೇಳಿ.

ಈಗ ಪೆನ್ನು, ಕಾಗದ

ಇಂಜಿನ್, ಕ್ಲಚ್, ಬ್ರೇಕ್ ಎಲ್ಲ ಸೇರಿ 90 ಸಾವಿರ ಎಂದು ಮೆಕ್ಯಾನಿಕ್ ಹೇಳಿದರು ಎಂದಿಟ್ಟುಕೊಳ್ಳಿ. ಗಾಡಿ ಇನ್ನು ಮೂರು ವರ್ಷ ಓಡಿದರೆ ತಿಂಗಳಿಗೆ 2,500 ಬಿತ್ತು. ಹೊಸ ಗಾಡಿಗೆ 8 ಲಕ್ಷ ಸಾಲ, ಶೇ 10 ಬಡ್ಡಿ, ಐದು ವರ್ಷ ಅಂದರೆ ಕಂತು ಸುಮಾರು 17 ಸಾವಿರ. ಕಂತಿಗೆ ಆಫ್ ಸೀಸನ್ ಗೊತ್ತಿಲ್ಲ, ಬಾಡಿಗೆ ಸಿಗದ ತಿಂಗಳೂ ಕಟ್ಟಲೇಬೇಕು.

‘ಹೊಸದು ಮೈಲೇಜ್ ಜಾಸ್ತಿ ಕೊಡುತ್ತಲ್ಲ’ ಅನ್ನುವವರಿದ್ದಾರೆ. ಅದನ್ನೂ ಹಾಕಿ. ತಿಂಗಳಿಗೆ 2,000 ಕಿ.ಮೀ. ಓಟ, ಹಳೆಯದು ಲೀಟರ್‌ಗೆ 11, ಹೊಸದು 13 ಕೊಟ್ಟರೆ ಉಳಿಯುವುದು 28 ಲೀಟರ್ ಡೀಸೆಲ್. ಲೀಟರ್‌ಗೆ 90 ರೂಪಾಯಿ ಹಿಡಿದರೂ ಸುಮಾರು 2,500. ಕಂತಿನ ಮುಂದೆ ಅದು ಯಾವ ಲೆಕ್ಕ?

ಲೆಕ್ಕ ತಿರುಗುವುದು ನಿಂತ ದಿನಗಳಲ್ಲಿ. ಹೋದ ವರ್ಷದ ಬಾಡಿಗೆ ಡೈರಿ ತೆಗೆದು, ಗಾಡಿ ಕೆಟ್ಟು ನಿಂತ ದಿನಗಳನ್ನು ಎಣಿಸಿ, ದಿನದ ಬಾಡಿಗೆಯಿಂದ ಗುಣಿಸಿ. ಆ ಮೊತ್ತವನ್ನು ಹಳೇ ಗಾಡಿಯ ಖರ್ಚಿಗೆ ಸೇರಿಸಿ. ಕೆಲಸ ಮಾಡಿಸಿದ ಮೇಲೂ ಅಷ್ಟೇ ನಿಲ್ಲುತ್ತದೆ ಅನಿಸಿದರೆ ಹೊಸದರ ಕಡೆ ನೋಡುವುದು ನ್ಯಾಯ. 2023ರ ಜುಲೈನಲ್ಲಿ ಇಲ್ಲಿನ ಎಪಿಎಂಸಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು. ಅಂಥ ರೇಟು ನೆನೆಸಿಕೊಂಡು ಮಾತ್ರ ಸಾಲಕ್ಕೆ ಸಹಿ ಹಾಕಬೇಡಿ. ಆ ರೇಟು ಬೆಳೆದವರದು, ಬಾಡಿಗೆಯವರದಲ್ಲ.

ಕಾಗದಪತ್ರದ ಖರ್ಚೂ ಇದೆ. ಗೂಡ್ಸ್ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಎನ್ನುವ ಫಿಟ್‌ನೆಸ್ ಸರ್ಟಿಫಿಕೇಟ್), ಆಮೇಲೆ ಪ್ರತಿ ವರ್ಷ. 15 ವರ್ಷ ದಾಟಿದವುಗಳ ಎಫ್‌ಸಿ ಶುಲ್ಕವನ್ನು 2022ರ ಏಪ್ರಿಲ್‌ನಿಂದ ಚೆನ್ನಾಗಿಯೇ ಏರಿಸಿದ್ದಾರೆ. ಗಾಡಿಗೆ 13, 14 ವರ್ಷ ಆಗಿದ್ದರೆ ದೊಡ್ಡ ಕೆಲಸಕ್ಕೆ ಕೈ ಹಾಕುವ ಮುಂಚೆ ಯೋಚಿಸಿ. ಇನ್ನೊಂದು ಕಡೆ, ಗೂಡ್ಸ್ ಗಾಡಿಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ 18ಕ್ಕೆ ಇಳಿದಿದೆ. ಅದಕ್ಕಿಂತ ಹಳೇ ಕೊಟೇಶನ್ ಇದ್ದರೆ ಹರಿದು ಹಾಕಿ, ಹೊಸದು ತನ್ನಿ.

ಯಾವುದಕ್ಕೆ ಹಾಕಬೇಕು, ಯಾವುದಕ್ಕೆ ಬೇಡ

ಬ್ರೇಕ್, ಟೈರ್, ಸ್ಟೀರಿಂಗ್ ಕೆಲಸಕ್ಕೆ ಚೌಕಾಸಿ ಬೇಡ. ಹೆಚ್ಚುವರಿ ಸ್ಪ್ರಿಂಗ್ ಪ್ಲೇಟ್, ಎತ್ತರದ ಬಾಡಿ ಸುಮ್ನೆ ದಂಡ. ಪ್ಲೇಟ್ ಹಾಕಿದರೆ ಆರ್‌ಸಿಯಲ್ಲಿನ ತೂಕ ಏರುವುದಿಲ್ಲ. ಒಂದೂವರೆ ಟನ್ ಗಾಡಿಗೆ ಕ್ರೇಟ್ ತೂಕ ಸೇರಿ 90 ಬಾಕ್ಸ್ ಆದರೆ ಮುಗಿಯಿತು. ಓವರ್‌ಲೋಡ್‌ಗೆ ಕಾಯ್ದೆಯಲ್ಲಿ 20,000 ದಂಡವಿದೆ, ಮೇಲೆ ಹೆಚ್ಚಾದ ಪ್ರತಿ ಟನ್‌ಗೆ 2,000.

ಮಾರುವುದೇ ಸರಿ ಅನಿಸಿದರೆ ಪೇಂಟ್ ಮಾಡಿಸಲು ಹೋಗಬೇಡಿ, ಆ ದುಡ್ಡು ವಾಪಸ್ ಬರಲ್ಲ. ಹಳೇ ಸಾಲ ತೀರಿದ್ದರೆ ಆರ್‌ಸಿಯಿಂದ ಫೈನಾನ್ಸ್ ಹೆಸರು ತೆಗೆಸಿ. ಹೆಸರು ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿ ಕೊಟ್ಟು ಸುಮ್ಮನಾಗಬೇಡಿ. ಆರ್‌ಸಿ ಕೊಂಡವರ ಹೆಸರಿಗೆ ಆಗುವವರೆಗೆ ಆ ಗಾಡಿಯ ಕೇಸು, ದಂಡ ಎಲ್ಲ ನಿಮ್ಮ ಮನೆ ಬಾಗಿಲಿಗೇ ಬರುತ್ತವೆ.