ಮನೆಯ ಹಳೇ ಕಾಗದಪತ್ರ ಉಳಿಸಿ ವಂಶಾವಳಿ ಬರೆಯುವುದು ಹೇಗೆ

ಹಳ್ಳಿಮನೆಗಳಲ್ಲಿ ಹಳೇ ಪತ್ರಗಳು ಇರುವುದು ಹೆಚ್ಚಾಗಿ ಅಟ್ಟದ ಟ್ರಂಕಿನಲ್ಲಿ, ಇಲ್ಲವೇ ಗೋಡೆಗೆ ನೇತುಹಾಕಿದ ಕೊಕ್ಕೆತಂತಿಯಲ್ಲಿ. ಸಿಕ್ಕ ಕೂಡಲೇ ಕಟ್ಟು ಬಿಚ್ಚಿ ತಾರೀಖಿನ ಪ್ರಕಾರ ಜೋಡಿಸಲು ಕೂರಬೇಡಿ. ತಾರೀಖಿಲ್ಲದ ಪತ್ರದ ಕಾಲವನ್ನು ಎಷ್ಟೋ ಸಲ ಅದರ ಅಕ್ಕಪಕ್ಕ ಇದ್ದ ಪತ್ರವೇ ಹೇಳುತ್ತದೆ. ಕಟ್ಟುಗಳಿಗೆ ಅ, ಆ ಎಂದು ಹೆಸರಿಟ್ಟು, ಇದ್ದ ಕ್ರಮದಲ್ಲೇ ಪ್ರತಿ ಕಾಗದದ ಹಿಂಬದಿಯ ಮೂಲೆಯಲ್ಲಿ 2ಬಿ ಪೆನ್ಸಿಲಿನಿಂದ ಹಗುರಾಗಿ ಅ-1, ಅ-2 ಎಂದು ಬರೆಯಿರಿ. ಪೆನ್ನಿನ ಶಾಯಿ ಮುಂಬದಿಗೂ ಇಳಿಯುತ್ತದೆ, ಬೇಡ.

ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಇದಕ್ಕೆ ಕೈಹಾಕದಿರುವುದು ಒಳ್ಳೆಯದು. ತೇವ ಹೀರಿದ ಕಾಗದ ಮಡಿಕೆಯಲ್ಲೇ ಹರಿಯುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿಯ ಒಣಹವೆಯಲ್ಲಿ, ಜಗಲಿಯ ನೆರಳಿನಲ್ಲಿ ಹರಡಿ. ಬಿಸಿಲು ಬಿದ್ದರೆ ಶಾಯಿ ಮಾಸುತ್ತದೆ. ಬೂಷ್ಟು, ಧೂಳನ್ನು ಮೆತ್ತನೆಯ ಬಣ್ಣದ ಕುಂಚದಿಂದ ತೆಗೆಯಿರಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಒದ್ದೆ ಬಟ್ಟೆ ಮುಟ್ಟಿಸಲೇಬಾರದು. ಹಿಂದಿನವರು ಬಳಸುತ್ತಿದ್ದ ಕಾಪಿಯಿಂಗ್ ಪೆನ್ಸಿಲಿನ ಬರಹ ಒಂದು ಹನಿ ನೀರಿಗೂ ನೇರಳೆಯಾಗಿ ಹರಡಿಬಿಡುತ್ತದೆ. ತುಕ್ಕು ಹಿಡಿದ ಗುಂಡುಸೂಜಿಗಳನ್ನು ಮೆಲ್ಲಗೆ ತೆಗೆದುಬಿಡಿ. ಸುರುಟಿದ ಪತ್ರವನ್ನು ಇಸ್ತ್ರಿ ಮಾಡದೆ, ಎರಡು ಬಿಳಿ ಹಾಳೆಗಳ ನಡುವೆ ಇಟ್ಟು ಮೇಲೆ ಭಾರ ಹೇರಿ ಎರಡು ಮೂರು ದಿನ ಬಿಡಿ. ಹರಿದಲ್ಲಿ ಸೆಲ್ಲೋಟೇಪ್ ಅಂಟಿಸಿದರೆ ಕೆಲವೇ ವರ್ಷಗಳಲ್ಲಿ ಅಂಟು ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ. ಲ್ಯಾಮಿನೇಷನ್ ಮಾಡಿಸಿದರಂತೂ ಮತ್ತೆ ಬಿಡಿಸುವ ದಾರಿಯೇ ಇಲ್ಲ.

ಫೋಟೊ ತೆಗೆಯಲು ಕಿಟಕಿಯ ಬೆಳಕು ಸಾಕು, ಫ್ಲ್ಯಾಶ್ ಬೇಡ. ವಿಳಾಸದ ಬದಿ, ಅಂಚೆ ಮುದ್ರೆ, ಇನ್‌ಲ್ಯಾಂಡ್ ಪತ್ರದ ಮಡಿಕೆಯ ಅಂಚಿನಲ್ಲಿ ಒತ್ತೊತ್ತಾಗಿ ಬರೆದ ಸಾಲು, ಎಲ್ಲವೂ ಬರಲಿ. ಮನೆಯಲ್ಲಿ ಯಾರಿಗೆ ಮೈ ಸರಿಯಿಲ್ಲ, ಯಾರು ಬಸುರಿ ಎಂಬ ಸುದ್ದಿ ಇರುವುದು ಹೆಚ್ಚಾಗಿ ಆ ಸಾಲಿನಲ್ಲೇ. ವಾಟ್ಸಾಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಚಿತ್ರ ಕುಗ್ಗಿ ಅಕ್ಷರ ಮಸುಕಾಗುತ್ತದೆ.

ಇನ್ನು ಕಾಲ ಗುರುತಿಸುವುದು. ಆಣೆ ಲೆಕ್ಕದ ಅಂಚೆಚೀಟಿ ಇದ್ದರೆ ಪತ್ರ 1957ರ ಆಸುಪಾಸಿನದು ಅಥವಾ ಅದಕ್ಕೂ ಹಿಂದಿನದು. ಆ ವರ್ಷದ ಏಪ್ರಿಲ್ 1ಕ್ಕೆ ನಯೇ ಪೈಸೆ ಬಂತು. ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ‘ಸರ್ವಜಿತ್ ಸಂವತ್ಸರ’ ಎಂದಷ್ಟೇ ಬರೆದಿದ್ದರೆ ಅದು 1947-48, ಇಲ್ಲವೇ ಅರವತ್ತು ವರ್ಷ ಹಿಂದೆ ಅಥವಾ ಮುಂದೆ. ಸಂವತ್ಸರ ಯುಗಾದಿಗೆ ಬದಲಾಗುವುದರಿಂದ ಪುಷ್ಯ, ಮಾಘ ಮಾಸಗಳ ಪತ್ರಕ್ಕೆ ಇಸವಿ ಹಾಕುವಾಗ ಒಂದು ವರ್ಷ ತಪ್ಪುವುದು ಸುಲಭ. ಒಕ್ಕಣೆಯನ್ನೂ ಗಮನಿಸಿ: ಒಬ್ಬ ಹೆಣ್ಣುಮಗಳ ಹೆಸರಿನ ಹಿಂದಿದ್ದ ‘ಸೌ||’ (ಸೌಭಾಗ್ಯವತಿ) ಮುಂದಿನ ಪತ್ರದಲ್ಲಿ ‘ಗಂ. ಭಾ.’ (ಗಂಗಾ ಭಾಗೀರಥಿ, ವಿಧವೆಯರ ಹೆಸರಿಗೆ ಸೇರಿಸುತ್ತಿದ್ದದ್ದು) ಆಗಿದ್ದರೆ ಅವಳ ಗಂಡ ಆ ನಡುವೆ ತೀರಿಕೊಂಡಿದ್ದಾನೆ.

ವಂಶಾವಳಿಯಲ್ಲಿ ತಪ್ಪು ಹೊಕ್ಕುವುದು ಸಂಬಂಧವಾಚಕಗಳಿಂದ. ‘ಅತ್ತೆ’ ಎಂದರೆ ಅಪ್ಪನ ತಂಗಿಯೋ, ಮಾವನ ಹೆಂಡತಿಯೋ, ಗಂಡನ ತಾಯಿಯೋ? ಯಾರಿಗೆ ಅತ್ತೆ ಎಂದು ಜೊತೆಗೇ ಬರೆದುಕೊಳ್ಳಿ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಮನೆಗಳಲ್ಲಿ ಒಂದೇ ಹೆಸರು ತಲೆಮಾರು ಬಿಟ್ಟು ತಲೆಮಾರು ಬರುವುದರಿಂದ ಹೆಸರನ್ನು ನಂಬದೆ ಪ್ರತಿಯೊಬ್ಬರಿಗೂ ಒಂದು ಅಂಕಿ ಕೊಡಿ. ಸೋದರಮಾವನನ್ನೇ ಮದುವೆಯಾದ ಹೆಣ್ಣುಮಗಳು ನಕ್ಷೆಯಲ್ಲಿ ಮಗಳಾಗಿ ಒಂದು ಕಡೆ, ಸೊಸೆಯಾಗಿ ಇನ್ನೊಂದು ಕಡೆ ಬರುತ್ತಾಳೆ. ಎರಡೂ ಕಡೆ ಅದೇ ಅಂಕಿ ಇರಲಿ. ಮಕ್ಕಳ ಅಂಕಿಯನ್ನು ಹುಟ್ಟಿದ ಕ್ರಮಕ್ಕೆ ಕಟ್ಟಿಹಾಕಬೇಡಿ. ಎಳವೆಯಲ್ಲೇ ಹೋದ ಮಗುವಿನ ಹೆಸರು ಯಾವುದೋ ಪತ್ರದಲ್ಲಿ ಸಿಕ್ಕರೆ ಎಲ್ಲವನ್ನೂ ತಿದ್ದಬೇಕಾಗುತ್ತದೆ.

ಖಾತೆ ಬದಲಾವಣೆಗೆಂದು ಮಾಡಿಸಿದ ವಂಶವೃಕ್ಷವನ್ನೇ ಪೂರ್ತಿ ಎಂದು ತಿಳಿಯಬೇಡಿ. ಅದು ಆಸ್ತಿಯ ಸಲುವಾಗಿ ಬರೆದದ್ದು. ಹಳೆಯವುಗಳಲ್ಲಿ ಹೆಣ್ಣುಮಕ್ಕಳು ಎಷ್ಟೋ ಕಡೆ ಬಿಟ್ಟುಹೋಗಿದ್ದಾರೆ. ಅವರ ತವರು, ಕೊಟ್ಟ ಊರು, ಮದುವೆಗೆ ಮುಂಚಿನ ಹೆಸರು ಸಿಗುವುದು ಪತ್ರಗಳಲ್ಲಿ, ಲಗ್ನಪತ್ರಿಕೆಗಳಲ್ಲಿ. ನಮ್ಮ ಮಟ್ಟಿಗೆ ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೇ. ಶಾಲೆಯ ದಾಖಲೆಯಲ್ಲಿ ಜೂನ್ 1 ಎಂದಿರುವ ಹುಟ್ಟಿದ ದಿನ ಮೇಷ್ಟ್ರು ಅಂದಾಜಿಗೆ ಬರೆದದ್ದಿರಬಹುದು, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ. ತೀರಿಕೊಂಡವರ ಇಸವಿ ತಿಳಿಯದಿದ್ದರೂ ಶ್ರಾದ್ಧದ ತಿಥಿ ಮನೆಯಲ್ಲಿ ಗೊತ್ತಿರುತ್ತದೆ; ಅದನ್ನು ಇದ್ದಂತೆಯೇ ಬರೆದಿಡಿ. ಉತ್ತರ ಕರ್ನಾಟಕದ ಒಕ್ಕಲುಮನೆಗಳಿಗೆ ಹೆಳವರು (ಮನೆತನಗಳ ವಂಶಾವಳಿ ಹೇಳುವ ಸಮುದಾಯದವರು) ಬಂದಾಗ ಅವರ ಒಪ್ಪಿಗೆ ಕೇಳಿ, ವಂಶ ಹೇಳುವುದನ್ನು ಪೂರ್ತಿ ಧ್ವನಿಮುದ್ರಿಸಿ, ಪತ್ರಗಳ ಜೊತೆ ತಾಳೆ ನೋಡಿ.

ದತ್ತು, ಎರಡನೇ ಸಂಬಂಧ, ಸಾಲದ ವಿಷಯ ಇರುವ ಪತ್ರಗಳನ್ನು ಬದುಕಿರುವವರನ್ನು ಕೇಳದೆ ಕುಟುಂಬದ ಗುಂಪಿಗೆ ಹಾಕಬಾರದು.

ಪತ್ರಗಳನ್ನು ಬಿಡಿಸಿದ ಸ್ಥಿತಿಯಲ್ಲೇ ಬಿಳಿ ಹಾಳೆಯ ಮಡಿಕೆಯೊಳಗಿಟ್ಟು, ತೊಳೆದು ಗಂಜಿ ತೆಗೆದ ಕೋರಾ ಬಟ್ಟೆಯಲ್ಲಿ ಸುತ್ತಿ, ತುಕ್ಕಿಲ್ಲದ ಟ್ರಂಕಿಗೆ ಹಾಕಿ. ಪ್ಲಾಸ್ಟಿಕ್ ಚೀಲದಲ್ಲಿ ತೇವ ಕಟ್ಟಿಕೊಂಡು ಬೂಷ್ಟು ಬರುತ್ತದೆ. ಟ್ರಂಕು ಇಟ್ಟಿಗೆಯ ಮೇಲೆ, ಗೋಡೆಯಿಂದ ಅರ್ಧ ಅಡಿ ದೂರ ಇರಲಿ. ನುಸಿಗುಳಿಗೆ ಗೆದ್ದಲನ್ನು ತಡೆಯದು, ತಿಂಗಳಿಗೊಮ್ಮೆ ಸುತ್ತಲೂ ಕಣ್ಣಾಡಿಸಬೇಕು. ಫೋಟೊಗಳ ಒಂದು ಪ್ರತಿ ಬೇರೆ ಊರಿನ ನೆಂಟರ ಮನೆಯಲ್ಲೂ ಇರಲಿ.