ಅಪ್ಪನ ಚೀಲದ ಲೆಕ್ಕಕ್ಕೆ ಒಂದು ನೋಡ್ ಪ್ರೋಗ್ರಾಮ್

ಬ್ಯಾಡಗಿಯಲ್ಲಿ ಅಪ್ಪನದು ಮೆಣಸಿನಕಾಯಿ ದಲಾಲಿ ಅಂಗಡಿ. ಮೆಣಸಿನಕಾಯಿ ಡಬ್ಬಿ ತಳಿ ಇರಲಿ, ಕಡ್ಡಿ ತಳಿ ಇರಲಿ, ಒಂದೊಂದು ಚೀಲದ ತೂಕವನ್ನೂ ಬರೆದು ಕೂಡಿಸಬೇಕು. ಇದಕ್ಕೆ ವೆಬ್‌ಸೈಟ್ ಯಾಕೆ? ಹಳೇ ಲ್ಯಾಪ್‌ಟಾಪ್‌ನ ಟರ್ಮಿನಲ್‌ನಲ್ಲಿ (ಅಕ್ಷರ ಮಾತ್ರ ಕಾಣುವ ಆದೇಶದ ಕಿಟಕಿಯಲ್ಲಿ) ಪ್ರಶ್ನೆ ಕೇಳಿ ಉತ್ತರ ತೆಗೆದುಕೊಳ್ಳುವ ಪ್ರೋಗ್ರಾಮ್ ಸಾಕು. ಜಾವಾಸ್ಕ್ರಿಪ್ಟ್ ಬಂದರೆ ಒಂದು ಸಂಜೆಯ ಕೆಲಸ.

ಬ್ರೌಸರ್ ಇಲ್ಲದೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ (Node.js) ಹಾಕಿಕೊಳ್ಳಿ. ಒತ್ತಿದ ಸಾಲನ್ನು ಓದಿಕೊಳ್ಳುವ ರೀಡ್‌ಲೈನ್ ಮಾಡ್ಯೂಲ್ ಅದರ ಜೊತೆಗೇ ಬರುತ್ತದೆ. ನೋಡ್‌ನ 17ನೇ ಆವೃತ್ತಿಯಿಂದ ಅದರ ಪ್ರಾಮಿಸ್ ರೂಪವೂ ಇದೆ (ಅವೇಟ್ ಎಂದು ಬರೆದು ಉತ್ತರಕ್ಕೆ ಕಾಯಬಹುದು), ಅದನ್ನೇ ಬಳಸಿ. ಫೈಲಿನ ಹೆಸರು ಡಾಟ್ ಎಂಜೆಎಸ್ (.mjs) ಎಂದು ಮುಗಿದರೆ ಅವೇಟ್ ಅನ್ನು ಫಂಕ್ಷನ್‌ನ ಹೊರಗೂ ಬರೆಯಬಹುದು. ಸ್ಟ್ಯಾಂಡರ್ಡ್ ಇನ್‌ಪುಟ್, ಔಟ್‌ಪುಟ್ ಎರಡನ್ನೂ ಕೊಟ್ಟು ಇಂಟರ್‌ಫೇಸ್ ತೆರೆಯಿರಿ. ಕ್ವೆಶ್ಚನ್ ಮೆಥಡ್‌ನಿಂದ ಮೊದಲು "ರೈತರ ಹೆಸರು?" ಎಂದು ಕೇಳಿ. ಆಮೇಲೆ ವೈಲ್ ಲೂಪ್‌ನಲ್ಲಿ "ತೂಕ?" ಅಷ್ಟೇ. ಟರ್ಮಿನಲ್‌ನಲ್ಲಿ ಒತ್ತಕ್ಷರ ಒಡೆದು ಕಾಣುವುದುಂಟು, ಹಾಗಾಗಿ ಒತ್ತು ಇಲ್ಲದ ಪದಗಳನ್ನೇ ಆರಿಸಿಕೊಂಡೆ.

ನಿಜವಾದ ಕೆಲಸ ಇರುವುದು ಉತ್ತರವನ್ನು ಓದುವುದರಲ್ಲಿ. ಬರುವುದೆಲ್ಲ ಸ್ಟ್ರಿಂಗ್, ಅಂದರೆ ಬರೀ ಅಕ್ಷರಗಳ ಸಾಲು. ಮೊದಲ ದಿನ 45, 48 ಕೂಡಿಸಿದರೆ 4548 ಬಂತು. ನಂಬರ್ ಫಂಕ್ಷನ್‌ಗೆ ಹಾಕಿದ ಮೇಲೆ 93 ಆಯಿತು. ಮರುದಿನ ಅಪ್ಪ ಕನ್ನಡ ಕೀಬೋರ್ಡ್‌ನಲ್ಲಿ ೪೫ ಎಂದು ಒತ್ತಿದರು, ನಂಬರ್ ಫಂಕ್ಷನ್ ನ್ಯಾನ್ (NaN, ಸಂಖ್ಯೆಯಲ್ಲ) ಕೊಟ್ಟಿತು. ಅದಕ್ಕೆ ಕನ್ನಡ ಅಂಕಿ ತಿಳಿಯುವುದಿಲ್ಲ. ಯೂನಿಕೋಡ್‌ನಲ್ಲಿ ೦ ಯ ಸಂಖ್ಯೆ 3302, ಅಲ್ಲಿಂದ ೯ ರವರೆಗೆ ಸಾಲಾಗಿವೆ. ರಿಪ್ಲೇಸ್‌ನಿಂದ ಕನ್ನಡ ಅಂಕಿಗಳನ್ನು ಹುಡುಕಿ, ಪ್ರತಿಯೊಂದರ ಕೋಡ್‌ನಿಂದ 3302 ಕಳೆಯಿರಿ. ಇಷ್ಟು ಮಾಡದೆ ನಮ್ಮ ಊರಿನವರ ಕೈಗೆ ಪ್ರೋಗ್ರಾಮ್ ಕೊಡಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇಷ್ಟಾದರೂ ನ್ಯಾನ್ ಬಂದರೆ ಪ್ರೋಗ್ರಾಮ್ ನಿಲ್ಲಿಸಬೇಡಿ, "ಬರೀ ಅಂಕಿ ಹಾಕಿ" ಎಂದು ಮತ್ತೆ ಅದೇ ಪ್ರಶ್ನೆ ಕೇಳಿ.

"ಎಲ್ಲಾ ಚೀಲ ಆದಮ್ಯಾಲ ಏನ್ ಒತ್ತಬೇಕೋ?" ಎಂದು ಅಪ್ಪ ಕೇಳಿದರು. ಸುಮ್ನೆ ಎಂಟರ್ ಒತ್ತಿದರೆ ಮುಗಿಯಿತು ಎಂದು ಇಟ್ಟೆ. ಇಲ್ಲಿ ಹುಷಾರು: ಖಾಲಿ ಸ್ಟ್ರಿಂಗ್ ಅನ್ನು ನಂಬರ್ ಫಂಕ್ಷನ್ 0 ಮಾಡುತ್ತದೆ. ಆದ್ದರಿಂದ ಟ್ರಿಮ್ ಮಾಡಿ (ಅಕ್ಕಪಕ್ಕದ ಖಾಲಿ ಜಾಗ ತೆಗೆದು), ಖಾಲಿಯೇ ಎಂದು ಮೊದಲು ನೋಡಿ, ಆಮೇಲೆ ಅಂಕಿಗೆ ತಿರುಗಿಸಿ.

ತೂಕ ಬಂದ ಕೂಡಲೇ ಅಪೆಂಡ್‌ಫೈಲ್‌ನಿಂದ ಒಂದು ಫೈಲಿನ ಕೊನೆಗೆ ಒಂದು ಸಾಲು ಬರೆದುಬಿಡಿ. ಬ್ಯಾಟರಿ ಮುಗಿದು ಲ್ಯಾಪ್‌ಟಾಪ್ ಆರಿದರೂ, ಯಾರಾದರೂ ಕಂಟ್ರೋಲ್ ಸಿ ಒತ್ತಿದರೂ ಹಿಂದಿನ ಚೀಲಗಳ ಲೆಕ್ಕ ಬಹುಮಟ್ಟಿಗೆ ಉಳಿದಿರುತ್ತದೆ. ಲೂಪ್ ಮುಗಿದಾಗ ಮೊತ್ತ ತೋರಿಸಿ ಕ್ಲೋಸ್ ಕರೆಯಿರಿ. ಮರೆತರೆ ಪ್ರೋಗ್ರಾಮ್ ಮುಗಿಯುವುದಿಲ್ಲ, ಅಪ್ಪ ಮುಂದಿನ ಪ್ರಶ್ನೆಗೆ ಕಾಯುತ್ತಾ ಕೂತಿರುತ್ತಾರೆ.